ವಿಂಡೋಸ್ 10 ನಿಂತಿತು ಎಂದು ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆ? ಮೊದಲ ಬಾರಿ ಲಿನಕ್ಸ್ ಆರಿಸಿಕೊಳ್ಳುವವರು ತಿಳಿದಿರಬೇಕಾದದ್ದು

"ವಿಂಡೋಸ್ 10 ಬಂದ್ ಆಗಿದೆ, ನಿಮ್ಮ ಹಳೇ ಕಂಪ್ಯೂಟರ್ ಇನ್ನು ಕೆಲಸಕ್ಕೆ ಬರುವುದಿಲ್ಲ, ಕೂಡಲೇ ಹೊಸದು ಕೊಳ್ಳಿ" ಎನ್ನುವ ಅರ್ಥದ ಸಂದೇಶ ನಿಮಗೂ ಬಂದಿರಬಹುದು. ಅದೇ ಗುಂಪಿನಲ್ಲಿ ಸ್ವಲ್ಪ ಹೊತ್ತಿಗೆ ಇನ್ನೊಬ್ಬರು, "ಲಿನಕ್ಸ್ ಹಾಕಿಕೊಳ್ಳಿ, ಪೂರ್ತಿ ಉಚಿತ, ವೈರಸ್ಸೇ ಬರುವುದಿಲ್ಲ, ಹತ್ತು ವರ್ಷದ ಲ್ಯಾಪ್‌ಟಾಪ್ ಕೂಡ ರಾಕೆಟ್ ಥರ ಓಡುತ್ತದೆ" ಎಂದು ಬರೆದಿರುತ್ತಾರೆ. ಎರಡರಲ್ಲೂ ಅರ್ಧ ನಿಜ ಇದೆ, ಅರ್ಧ ಇಲ್ಲ. ಮೊದಲನೆಯದನ್ನು ನಂಬಿದರೆ ಸುಮ್ಮನೆ ಮೂವತ್ತು ನಲವತ್ತು ಸಾವಿರ ರೂಪಾಯಿ ಖರ್ಚು. ಎರಡನೆಯದನ್ನು ಹಿಂದೆಮುಂದೆ ನೋಡದೆ ನಂಬಿದರೆ ಮನೆಯ ಹಳೇ ಫೋಟೋಗಳೆಲ್ಲ ಒಂದೇ ಕ್ಲಿಕ್ಕಿಗೆ ಅಳಿಸಿಹೋಗಬಹುದು.

ಹಾಗಾಗಿ ಒಂದೊಂದಾಗಿ ನೋಡೋಣ.

ವಿಂಡೋಸ್ 10 ನಿಜಕ್ಕೂ ನಿಂತುಹೋಯಿತೆ?

ಇಲ್ಲ. 2025ರ ಅಕ್ಟೋಬರ್ 14ರಂದು ನಿಂತದ್ದು ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಉಚಿತ ಅಪ್‌ಡೇಟ್‌ಗಳು ಮಾತ್ರ. ಕಂಪ್ಯೂಟರ್ ಮೊದಲಿನ ಹಾಗೇ ಆನ್ ಆಗುತ್ತದೆ, ಫೈಲುಗಳು ತೆರೆಯುತ್ತವೆ, ಇಂಟರ್ನೆಟ್ಟೂ ಬರುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಹಾಕುವವರು ಇರುವುದಿಲ್ಲ. ಬೀಗ ಹಳೆಯದಾಯಿತು ಎಂದು ಮನೆ ಬಿದ್ದುಹೋಗುವುದಿಲ್ಲ, ಆದರೆ ಆ ಬೀಗವನ್ನು ತೆರೆಯುವ ಉಪಾಯ ಕಳ್ಳರಿಗೆಲ್ಲ ಗೊತ್ತಾಗುತ್ತ ಹೋಗುತ್ತದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯನ್ನೂ ಕಂಪೆನಿ ಪ್ರಕಟಿಸಿತ್ತು. ಅದು ತಾನಾಗಿ ಬರುವುದಿಲ್ಲ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋಗಿ ನಾವೇ ಹೆಸರು ನೋಂದಾಯಿಸಿಕೊಳ್ಳಬೇಕು.

ಹಾಗಾದರೆ ವಿಂಡೋಸ್ 11 ಹಾಕಿಕೊಂಡರಾಯಿತಲ್ಲ? ಕಂಪ್ಯೂಟರ್ ಹೊಸದಾಗಿದ್ದರೆ ಅದೇ ಸುಲಭದ ದಾರಿ. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. 8ನೇ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೂ ಮುಂಚೆ ಕೊಂಡ ಎಷ್ಟೋ ಕಂಪ್ಯೂಟರುಗಳು ಕೆಲಸದಲ್ಲಿ ಗಟ್ಟಿಯಾಗಿದ್ದರೂ ಈ ಪರೀಕ್ಷೆಯಲ್ಲಿ ಫೇಲು. ಲಿನಕ್ಸ್‌ನ ಮಾತು ಮುಖ್ಯವಾಗುವುದು ಇಂಥ ಕಂಪ್ಯೂಟರುಗಳಿಗೆ.

ಲಿನಕ್ಸ್ ಎಂದರೆ ಒಂದೇ ಒಂದು ಸಾಫ್ಟ್‌ವೇರ್ ಅಲ್ಲ

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ, ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ 1991ರ ಆಗಸ್ಟ್ 25ರಂದು ಜಗತ್ತಿಗೆ ತಿಳಿಸಿದ. ಅವನು ಬರೆದದ್ದು ಕರ್ನೆಲ್, ಅಂದರೆ ಯಂತ್ರಾಂಶ ಮತ್ತು ತಂತ್ರಾಂಶಗಳ ನಡುವೆ ನಿಂತು ಕೆಲಸ ಮಾಡಿಸುವ ಒಳಗಿನ ಭಾಗ. ಬರೀ ಅದನ್ನೇ ಇಟ್ಟುಕೊಂಡು ನಾವು ನೀವು ಏನೂ ಮಾಡಲಾಗದು. ಬಸ್ಸಿನ ಚಾಸಿ ಒಂದು ಕಡೆ ತಯಾರಾಗುತ್ತದೆ, ಬಾಡಿ ಕಟ್ಟುವವರು ಬೇರೆ ಇರುತ್ತಾರೆ. ಒಂದೇ ಚಾಸಿಯ ಮೇಲೆ ಸ್ಲೀಪರ್ ಬಸ್ಸೂ ಆಗಬಹುದು, ಹಳ್ಳಿಯ ಕೆಂಪು ಬಸ್ಸೂ ಆಗಬಹುದು. ಲಿನಕ್ಸ್ ಕರ್ನೆಲ್ ಮೇಲೆ ಹೀಗೆ ಬಾಡಿ ಕಟ್ಟಿ ಕೊಡುವ ಪೂರ್ತಿ ವ್ಯವಸ್ಥೆಗಳಿಗೆ ಡಿಸ್ಟ್ರೋ ಎನ್ನುತ್ತಾರೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಎಲ್ಲ ಇಂಥವೇ.

ಅಂದಹಾಗೆ ಈ ಲೇಖನವನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ನೀವು ಈಗಾಗಲೇ ಲಿನಕ್ಸ್ ಬಳಸುತ್ತಿದ್ದೀರಿ. ಆಂಡ್ರಾಯ್ಡ್‌ನ ಒಳಗಿರುವುದೂ ಅದೇ ಕರ್ನೆಲ್. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸ್‌ನವೇ. "ಅದು ಹ್ಯಾಕರ್‌ಗಳು ಬಳಸೋದು, ನಮ್ಮಂಥವರಿಗಲ್ಲ" ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಉಚಿತ ಎಂದರೆ ಕಳ್ಳಮಾಲೇ? ಈ ಅನುಮಾನ ತೀರಾ ಸಹಜ. ನಮ್ಮಲ್ಲಿ ಉಚಿತ ಸಾಫ್ಟ್‌ವೇರ್ ಎಂದರೆ ಅಂಗಡಿಯವನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಟ್ಟ ಕ್ರ್ಯಾಕ್ ಮಾಡಿದ ವಿಂಡೋಸ್ ಎನ್ನುವುದೇ ರೂಢಿ. ಲಿನಕ್ಸ್‌ನ ಕತೆ ಪೂರ್ತಿ ಉಲ್ಟಾ. ಬಳಸುವುದಕ್ಕೆ, ಪ್ರತಿ ಮಾಡಿ ಹಂಚುವುದಕ್ಕೆ, ಒಳಗೇನಿದೆ ನೋಡಿ ಬದಲಾಯಿಸುವುದಕ್ಕೆ ಅದರ ಪರವಾನಗಿಯೇ ಹಕ್ಕು ಕೊಡುತ್ತದೆ. ಪಕ್ಕದ ಮನೆಯವರಿಗೂ ಹಾಕಿಕೊಟ್ಟರೆ ಅದೂ ನ್ಯಾಯವೇ. ನಿಜವಾಗಿ ಭಯಪಡಬೇಕಾದದ್ದು ವಿಂಡೋಸ್ ಆಕ್ಟಿವೇಟ್ ಮಾಡಲು ಬಳಸುವ ಕಳ್ಳ ಪ್ರೋಗ್ರಾಂಗಳಿಗೆ. ಅವನ್ನು ಓಡಿಸುವ ಮುನ್ನ ಆಂಟಿವೈರಸ್ ಆಫ್ ಮಾಡಿ ಎಂದು ಅವೇ ಹೇಳುತ್ತವೆ, ನಾವೂ ವಿಧೇಯರಾಗಿ ಮಾಡುತ್ತೇವೆ!

"ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲ"

ಇದು ಸುಳ್ಳು. ವಿಂಡೋಸ್‌ಗೆಂದು ಬರೆದ ವೈರಸ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ, ಮನೆಯ ಲಿನಕ್ಸ್ ಕಂಪ್ಯೂಟರುಗಳನ್ನು ಗುರಿಯಾಗಿಟ್ಟ ವೈರಸ್‌ಗಳೂ ಕಡಿಮೆ. ತಂತ್ರಾಂಶಗಳನ್ನು ಕಂಡಕಂಡ ಕಡೆಯಿಂದ ಇಳಿಸಿಕೊಳ್ಳದೆ ಡಿಸ್ಟ್ರೋದ ಸ್ವಂತ ಭಂಡಾರದಿಂದ ಪಡೆಯುವ ಪದ್ಧತಿಯೂ ಒಳ್ಳೆಯದು. ಇಷ್ಟು ನಿಜ.

ಆದರೆ 2016ರ ಫೆಬ್ರವರಿ 20ರಂದು ಏನಾಯಿತು ನೋಡಿ. ಲಿನಕ್ಸ್ ಮಿಂಟ್‌ನ ಅಧಿಕೃತ ಜಾಲತಾಣಕ್ಕೇ ನುಗ್ಗಿದ ದುಷ್ಕರ್ಮಿಗಳು, ಮಿಂಟ್ 17.3ರ ಡೌನ್‌ಲೋಡ್ ಕೊಂಡಿಯನ್ನು ಬದಲಾಯಿಸಿ ಹಿಂಬಾಗಿಲು ಇಟ್ಟಿದ್ದ ನಕಲಿ ಫೈಲಿನ ಕಡೆಗೆ ತಿರುಗಿಸಿದರು. ಆ ದಿನ ಅದನ್ನು ಇಳಿಸಿಕೊಂಡವರು ಸರಿಯಾದ ಜಾಗಕ್ಕೇ ಹೋಗಿದ್ದರೂ ಮೋಸಹೋದರು. ಯೋಜನೆಯವರು ತಾವೇ ವಿಷಯವನ್ನು ಬಹಿರಂಗಪಡಿಸಿ ಎಚ್ಚರಿಸಿದರು. ಡೌನ್‌ಲೋಡ್ ಪುಟದಲ್ಲಿ ಚೆಕ್‌ಸಮ್ ಎಂಬ ಉದ್ದನೆಯ ಅಂಕಿ ಅಕ್ಷರಗಳ ಸಾಲು ಇರುತ್ತದಲ್ಲ, ಇಳಿಸಿಕೊಂಡ ಫೈಲು ಅಸಲಿಯೇ ಎಂದು ತಾಳೆ ನೋಡಲು ಇರುವುದು ಅದೇ. ಬೇಸರದ ಕೆಲಸ, ಆದರೂ ಮಾಡಿ.

2024ರ ಮಾರ್ಚ್‌ನಲ್ಲಿ ಇನ್ನೊಂದು ದೊಡ್ಡ ಪ್ರಕರಣ ಬೆಳಕಿಗೆ ಬಂತು. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಎಕ್ಸ್‌ಝೆಡ್ ಎಂಬ ಪುಟ್ಟ ತಂತ್ರಾಂಶದೊಳಗೆ, ವರ್ಷಗಟ್ಟಲೆ ನಂಬಿಕೆ ಗಳಿಸಿಕೊಂಡ ಸ್ವಯಂಸೇವಕನ ವೇಷದಲ್ಲಿ ಬಂದವರೊಬ್ಬರು ಹಿಂಬಾಗಿಲು ಸೇರಿಸಿದ್ದರು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ತಲೆಕೆಡಿಸಿಕೊಂಡ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದುಹಾಕಿದರು. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ! ಒಳಗಿನ ಸಂಕೇತ ಎಲ್ಲರಿಗೂ ತೆರೆದಿದ್ದರಿಂದಲೇ ಅದನ್ನು ಬೆನ್ನಟ್ಟಿ ಹುಡುಕಲು ಸಾಧ್ಯವಾಯಿತು. ತೆರೆದಿತ್ತು ಎಂಬ ಮಾತ್ರಕ್ಕೆ ಅದು ತಾನಾಗಿಯೇ ಸುರಕ್ಷಿತವಾಗಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಇನ್ನು ಬ್ಯಾಂಕಿನವನೆಂದು ಹೇಳಿಕೊಂಡು ಒಟಿಪಿ ಕೇಳುವ ಕಳ್ಳನಿಗೆ ನಿಮ್ಮ ಆಪರೇಟಿಂಗ್ ಸಿಸ್ಟಂ ಯಾವುದಾದರೇನು?

ಮೊದಲು ನಿಮ್ಮ ಕೆಲಸದ ಪಟ್ಟಿ ಮಾಡಿ

ಯಾವ ಡಿಸ್ಟ್ರೋ ಒಳ್ಳೆಯದು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಆ ಪ್ರಶ್ನೆ ಆಮೇಲಿನದು. ಈ ಕಂಪ್ಯೂಟರಿನಲ್ಲಿ ಮನೆಯವರೆಲ್ಲ ಏನೇನು ಮಾಡುತ್ತಾರೆ ಎಂದು ಒಂದು ವಾರ ಗಮನಿಸಿ ಬರೆದಿಟ್ಟುಕೊಳ್ಳಿ.

ಯೂಟ್ಯೂಬ್, ಇಮೇಲ್, ಆನ್‌ಲೈನ್ ಕ್ಲಾಸ್, ಬಿಲ್ ಪಾವತಿ, ಪತ್ರ ಬರೆಯುವುದು, ಮಕ್ಕಳ ಪ್ರಾಜೆಕ್ಟು, ಸಿನಿಮಾ ನೋಡುವುದು ಇಷ್ಟೇ ಆಗಿದ್ದರೆ ಯೋಚನೆಯೇ ಬೇಡ. ಫೈರ್‌ಫಾಕ್ಸ್, ಕ್ರೋಮ್, ವಿಎಲ್‌ಸಿ ಎಲ್ಲ ಲಿನಕ್ಸ್‌ನಲ್ಲೂ ಇವೆ. ವಾಟ್ಸಾಪ್‌ನ ಅಧಿಕೃತ ಲಿನಕ್ಸ್ ಆ್ಯಪ್ ಇಲ್ಲ, ಬ್ರೌಸರಿನಲ್ಲಿ ವಾಟ್ಸಾಪ್ ವೆಬ್ ತೆರೆದುಕೊಳ್ಳಬೇಕು. ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್ ಇರುತ್ತದೆ. ವರ್ಡ್ ಫೈಲುಗಳು ಅದರಲ್ಲಿ ತೆರೆಯುತ್ತವೆ, ಆದರೆ ಟೇಬಲ್ಲು ಚೌಕಟ್ಟುಗಳು ಹೆಚ್ಚಿರುವ ಕಡತದಲ್ಲಿ ಸಾಲುಗಳು ಅತ್ತಿತ್ತ ಸರಿಯುವುದುಂಟು. ಅರ್ಜಿ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿದರೆ ಆ ತೊಂದರೆ ಇರುವುದಿಲ್ಲ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಫೋಟೋಶಾಪ್ ಅಥವಾ ಕೋರೆಲ್ ಡ್ರಾ ಬಳಸುವವರು, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿಯವರು ಇದ್ದಲ್ಲೇ ಇರುವುದು ಒಳ್ಳೆಯದು. ಇವೆಲ್ಲ ವಿಂಡೋಸ್ ನಂಬಿಕೊಂಡ ತಂತ್ರಾಂಶಗಳು. ವೈನ್ ಎಂಬ ಸೇತುವೆಯ ಮೂಲಕ ಕೆಲವನ್ನು ಲಿನಕ್ಸ್‌ನಲ್ಲಿ ಓಡಿಸಬಹುದಾದರೂ, ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ. ಜಿಎಸ್‌ಟಿ, ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತಿದ್ದರೆ ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಕೊಟ್ಟವರನ್ನೇ ಕೇಳಿ.

ಪ್ರಿಂಟರ್ ವಿಷಯದಲ್ಲಿ ಅದೃಷ್ಟ ಹಂಚಿಹೋಗಿದೆ. ಎಚ್‌ಪಿ ಪ್ರಿಂಟರುಗಳಲ್ಲಿ ಹೆಚ್ಚಿನವು ತಂತಿ ಚುಚ್ಚಿದ ಕೂಡಲೇ ಕೆಲಸ ಮಾಡುತ್ತವೆ, ವೈಫೈ ಇರುವ ಈಚಿನ ಪ್ರಿಂಟರುಗಳೂ ಹೆಚ್ಚು ತಂಟೆ ಮಾಡುವುದಿಲ್ಲ. ಆದರೆ ನಮ್ಮ ಝೆರಾಕ್ಸ್ ಅಂಗಡಿಗಳಲ್ಲೂ ಮನೆಗಳಲ್ಲೂ ಕಾಣಿಸುವ ಕ್ಯಾನನ್ ಎಲ್‌ಬಿಪಿ 2900 ತನ್ನದೇ ಆದ ಭಾಷೆಯಲ್ಲಿ ಮಾತಾಡುವ ಪ್ರಿಂಟರ್. ಅದನ್ನು ಲಿನಕ್ಸ್‌ನಲ್ಲಿ ಕೂರಿಸುವುದು ಹೊಸಬರ ಕೆಲಸವಲ್ಲ.

ಸರಿ, ಯಾವುದನ್ನು ಆರಿಸಲಿ?

ನನ್ನ ಉತ್ತರ ನೇರ: ಮೊದಲ ಬಾರಿಯಾದರೆ ಲಿನಕ್ಸ್ ಮಿಂಟ್. 2006ರಲ್ಲಿ ಕ್ಲೆಮೆಂಟ್ ಲೆಫೆಬ್ರ ಶುರುಮಾಡಿದ ಇದು ಉಬುಂಟು ಆಧರಿಸಿ ಕಟ್ಟಿದ್ದು. ಎಡಗಡೆ ಕೆಳಗೆ ಮೆನು, ಕೆಳಗಡೆ ಪಟ್ಟಿ, ಬಲಗಡೆ ಗಡಿಯಾರ. ವಿಂಡೋಸ್ 7 ಬಳಸಿದವರಿಗೆ ಮೌಸ್ ಎಲ್ಲಿಗೆ ಒಯ್ಯಬೇಕೆಂದು ಹೇಳಿಕೊಡಬೇಕಾಗಿಯೇ ಇಲ್ಲ. ಮಿಂಟ್ 22 ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಇದರಲ್ಲಿ ಮೂರು ಬಗೆ ಇವೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್, 4 ಜಿಬಿ ಇದ್ದು ಯಂತ್ರ ತೀರಾ ಹಳೆಯದಾದರೆ ಎಕ್ಸ್‌ಎಫ್‌ಸಿಇ. ಮಾಟೆ ಎರಡರ ನಡುವಿನದು, ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಉಬುಂಟು ಇದಕ್ಕಿಂತ ಹೆಸರುವಾಸಿ. ದಕ್ಷಿಣ ಆಫ್ರಿಕಾದ ಮಾರ್ಕ್ ಷಟಲ್‌ವರ್ತ್ 2004ರಲ್ಲಿ ಶುರುಮಾಡಿದ್ದು. ಒಂದು ಕಾಲದಲ್ಲಿ ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಸಿ.ಡಿ. ಕಳಿಸುತ್ತಿದ್ದರು. ಇಂಟರ್ನೆಟ್ ನಿಧಾನವಿದ್ದ ಆ ದಿನಗಳಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಿಗೂ ಆ ಲಕೋಟೆಗಳು ಬಂದದ್ದು ಕೆಲವರಿಗಾದರೂ ನೆನಪಿರಬಹುದು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ, ಎಲ್‌ಟಿಎಸ್ ಎಂದು ಗುರುತಿಸಿದ ಆವೃತ್ತಿಯನ್ನೇ ಆರಿಸಿ. ಅದಕ್ಕೆ ಐದು ವರ್ಷದ ಬೆಂಬಲ ಇರುತ್ತದೆ. ಅದರ ಪರದೆಯ ವಿನ್ಯಾಸ ಮಾತ್ರ ವಿಂಡೋಸ್‌ಗಿಂತ ಬೇರೆ, ನಾಲ್ಕು ದಿನ ಅಭ್ಯಾಸ ಬೇಕು.

ಐರ್ಲೆಂಡಿನ ಸಹೋದರರಿಬ್ಬರು ಕಟ್ಟಿದ ಝೋರಿನ್ ಓಎಸ್ ನೋಡಲು ಚಂದ, ವಿಂಡೋಸ್‌ನಿಂದ ಬರುವವರನ್ನೇ ಮನಸ್ಸಿನಲ್ಲಿಟ್ಟುಕೊಂಡದ್ದು. ಅದರ 18ನೇ ಆವೃತ್ತಿಯನ್ನು ವಿಂಡೋಸ್ 10ರ ಬೆಂಬಲ ಮುಗಿದ ದಿನವೇ ಬಿಡುಗಡೆ ಮಾಡಿದರು! ಹಣ ಕೊಡುವ ಪ್ರೊ ಆವೃತ್ತಿಯೂ ಇದೆ, ಮನೆಗೆ ಉಚಿತವಾದ ಕೋರ್ ಸಾಕು.

ನಮ್ಮ ದೇಶದ್ದೇ ಬೇಕು ಎನ್ನುವವರಿಗೆ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಇದೆ, ಡೆಬಿಯನ್ ಆಧರಿಸಿದ್ದು. ಹೆಮ್ಮೆ ಸರಿಯೇ. ಆದರೆ ಏನಾದರೂ ಕೆಟ್ಟಾಗ ಅಂತರ್ಜಾಲದಲ್ಲಿ ಹುಡುಕಿದರೆ ಮಿಂಟ್, ಉಬುಂಟುಗಳ ಬಗ್ಗೆ ಸಿಗುವಷ್ಟು ಉತ್ತರ ಇದರ ಬಗ್ಗೆ ಸಿಗುವುದಿಲ್ಲ. ಹೊಸಬರಿಗೆ ಅದೇ ದೊಡ್ಡ ಅಂಶ.

ಕಾಲೇಜಿಗೆ ಹೋಗುವ ಹುಡುಗರು ವಿಡಿಯೋ ನೋಡಿ ಕಾಲಿ ಲಿನಕ್ಸ್ ಹಾಕಿಕೊಳ್ಳುವುದುಂಟು. ಕಪ್ಪು ಪರದೆ, ಡ್ರ್ಯಾಗನ್ ಚಿತ್ರ, ನೋಡಲು ಗಮ್ಮತ್ತು. ಅದು ಭದ್ರತಾ ಪರೀಕ್ಷೆ ಮಾಡುವ ವೃತ್ತಿಪರರ ಉಪಕರಣ ಪೆಟ್ಟಿಗೆ. ಲಿನಕ್ಸ್ ಗೊತ್ತಿಲ್ಲದವರಿಗೆ ಇದು ಬೇಡ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಆರ್ಚ್ ಕೂಡ ಸದ್ಯಕ್ಕೆ ಬೇಡ.

ಕನ್ನಡ ಟೈಪಿಂಗ್‌ ಹೇಗೆ?

ಕನ್ನಡ ಓದುವುದಕ್ಕೆ ತೊಂದರೆ ಇಲ್ಲ. ಲೋಹಿತ್, ನೋಟೋ, ಗುಬ್ಬಿ, ನವಿಲು ಮುಂತಾದ ಯೂನಿಕೋಡ್ ಫಾಂಟುಗಳು ತಂತ್ರಾಂಶ ಭಂಡಾರದಲ್ಲೇ ಸಿಗುತ್ತವೆ. ಬರೆಯಲು ಐಬಸ್ ಎಂಬ ಸೌಲಭ್ಯವನ್ನೂ ಅದರ ಜೊತೆಗೆ ಎಂ17ಎನ್ ಎಂಬ ಪೊಟ್ಟಣವನ್ನೂ ಹಾಕಿಕೊಂಡರೆ ಕನ್ನಡದ ಕೆಳಗೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎಂಬ ಆಯ್ಕೆಗಳು ಕಾಣುತ್ತವೆ. ಕೆಜಿಪಿ ಎಂದರೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ಬಳಸಿ ನಮ್ಮ ಬೆರಳಿಗೆ ಅಭ್ಯಾಸವಾಗಿರುವ ಅದೇ ಕೀಲಿಮಣೆ.

ಎಡವಟ್ಟು ಇರುವುದು ಹಳೇ ಕಡತಗಳಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಪತ್ರಗಳನ್ನು ಆ ಫಾಂಟು ಇಲ್ಲದೆ ತೆರೆದರೆ ಅರ್ಥವಾಗದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಫೈಲು ಹಾಳಾಯಿತು ಎಂದುಕೊಂಡು ಅಳಿಸಿಬಿಡಬೇಡಿ. ವಿಂಡೋಸ್ ಇನ್ನೂ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳುವುದು ಜಾಣತನ.

ಹಾಕುವ ಮುನ್ನ ಪೆನ್‌ಡ್ರೈವ್‌ನಲ್ಲೇ ಓಡಿಸಿ ನೋಡಿ

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. ಮಿಂಟ್, ಉಬುಂಟುಗಳನ್ನು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ನೇರವಾಗಿ ಚಲಾಯಿಸಬಹುದು. ಆಗ ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ.

ಡಿಸ್ಟ್ರೋದ ಅಧಿಕೃತ ತಾಣದಿಂದ ಐಎಸ್‌ಒ ಫೈಲು ಇಳಿಸಿಕೊಳ್ಳಿ. ಯಾರೋ ಫಾರ್ವರ್ಡ್ ಮಾಡಿದ ಕೊಂಡಿಯಿಂದ ಬೇಡ. ಮಿಂಟ್ ಸುಮಾರು 3 ಜಿಬಿಯಷ್ಟಿರುತ್ತದೆ, ಫೋನಿನ ದಿನದ ಡೇಟಾ ಅಲ್ಲಿಗೇ ಮುಗಿಯಬಹುದು, ಹಾಗಾಗಿ ವೈಫೈ ಇರುವ ಕಡೆ ಕೂರಿ. 8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಖಾಲಿ ಮಾಡಿಕೊಳ್ಳಿ. ಐಎಸ್‌ಒವನ್ನು ಮಾಮೂಲಿನಂತೆ ಕಾಪಿ ಮಾಡಿ ಹಾಕಿದರೆ ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಬಲೆನಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಬರೆಯಬೇಕು.

ಆಮೇಲೆ ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡುವಾಗ ಬೂಟ್ ಮೆನುವಿನ ಕೀಲಿ ಒತ್ತಬೇಕು. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9, ಏಸಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಆರಿಸಿದರೆ ಸ್ವಲ್ಪ ಹೊತ್ತಿಗೆ ಮಿಂಟ್‌ನ ಪರದೆ ಬರುತ್ತದೆ. ವೈಫೈ ಸಿಗುತ್ತದೆಯೇ, ಸ್ಪೀಕರಿನಲ್ಲಿ ಸದ್ದು ಬರುತ್ತದೆಯೇ, ಕ್ಯಾಮೆರಾ, ಬ್ಲೂಟೂತ್, ಪ್ರಿಂಟರ್ ಹೇಗಿವೆ ಎಂದು ಒಂದು ಗಂಟೆ ಕೂತು ಪರೀಕ್ಷಿಸಿ. ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ತಂತಿಯಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಆ ಇಂಟರ್ನೆಟ್‌ನಿಂದ ಡ್ರೈವರ್ ಇಳಿಸಿಕೊಳ್ಳಬಹುದು. ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲ ಸ್ವಲ್ಪ ನಿಧಾನ ಇರುತ್ತದೆ, ಅದನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ.

ರಾಕೆಟ್ ಥರ ಓಡುತ್ತದೆಯೆ?

ಲಿನಕ್ಸ್‌ನಿಂದ ಹಳೇ ಯಂತ್ರಕ್ಕೆ ಉಸಿರಾಡಲು ಜಾಗ ಸಿಗುವುದು ಹೌದು. ಆದರೆ ರ‍್ಯಾಮ್ ತಿನ್ನುವುದು ಈಗ ಹೆಚ್ಚಾಗಿ ಬ್ರೌಸರು. ಹತ್ತು ಟ್ಯಾಬ್ ತೆರೆದರೆ ಯಾವ ಆಪರೇಟಿಂಗ್ ಸಿಸ್ಟಂ ಆದರೂ 4 ಜಿಬಿಯಲ್ಲಿ ಏದುಸಿರು ಬಿಡುತ್ತದೆ. ನಿಮ್ಮದರಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಆಪರೇಟಿಂಗ್ ಸಿಸ್ಟಂ ಬದಲಾಯಿಸಿದ್ದಕ್ಕಿಂತ ಹೆಚ್ಚಿನ ವ್ಯತ್ಯಾಸ ಅದರಲ್ಲೇ ಕಾಣುತ್ತದೆ. ಇನ್ನೊಂದು ಅನುಕೂಲವೂ ಇದೆ: ತೆಗೆದ ಹಳೇ ಡಿಸ್ಕಿನಲ್ಲಿ ನಿಮ್ಮ ವಿಂಡೋಸ್ ಮತ್ತು ಫೈಲುಗಳು ಇದ್ದ ಹಾಗೇ ಉಳಿಯುತ್ತವೆ, ಅದನ್ನು ಹಾಗೇ ಬೀರುವಿನಲ್ಲಿ ಇಟ್ಟುಬಿಡಿ. 2 ಜಿಬಿ ರ‍್ಯಾಮ್‌ನ ಕಂಪ್ಯೂಟರಿನಲ್ಲಿ ಮಿಂಟ್ ಬೂಟ್ ಆಗಬಹುದು, ಆದರೆ ಇಂದಿನ ಜಾಲತಾಣಗಳನ್ನು ನೋಡುವ ಸುಖ ಸಿಗುವುದಿಲ್ಲ.

ಕೈ ಜಾರುವುದು ಇಲ್ಲೇ

ಇನ್‌ಸ್ಟಾಲ್ ಮಾಡುವಾಗ ಒಂದು ಪುಟದಲ್ಲಿ, ಡಿಸ್ಕನ್ನು ಪೂರ್ತಿ ಅಳಿಸಿ ಮಿಂಟ್ ಹಾಕಬೇಕೋ ಅಥವಾ ವಿಂಡೋಸ್ ಪಕ್ಕದಲ್ಲಿ ಹಾಕಬೇಕೋ ಎಂದು ಕೇಳುತ್ತದೆ. ಪೂರ್ತಿ ಅಳಿಸು ಎಂದರೆ ಸಿ ಡ್ರೈವ್ ಮಾತ್ರವಲ್ಲ, ಡಿ, ಇ ಎಲ್ಲವೂ ಸೇರಿ. ಡಿ ಡ್ರೈವ್‌ನಲ್ಲಿದ್ದುದರಿಂದ ಸೇಫ್ ಎಂದುಕೊಂಡು ಫೋಟೋ ಕಳೆದುಕೊಂಡವರಲ್ಲಿ ನಾನೂ ಒಬ್ಬ, ತಪ್ಪು ಪೂರ್ತಿ ನನ್ನದೇ. ಆದ್ದರಿಂದ ಮೊದಲು ಎಲ್ಲ ಫೈಲುಗಳನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ. ಹಾಕಿಕೊಂಡ ಮೇಲೆ ಅದನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಫೋಟೋಗಳು ತೆರೆಯುತ್ತವೆಯೇ ಎಂದು ನೋಡಿ.

ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳುವುದಾದರೆ ಇನ್ನೆರಡು ಎಚ್ಚರ. ಕೆಲವು ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಮೊದಲೇ ಹಾಕಿರುತ್ತದೆ. ಅದರ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ವಿಂಡೋಸ್ ಒಳಗೇ ಬಿಡದೆ ಹೋಗಬಹುದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನೂ ಆಫ್ ಮಾಡಿ, ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದೇ ಇಲ್ಲ, ಅದರ ಡ್ರೈವ್‌ಗಳಿಗೆ ಲಿನಕ್ಸ್‌ನಿಂದ ಬರೆಯಲು ಅಡ್ಡಿಯಾಗುತ್ತದೆ.

ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಬೇಕೆ ಎಂಬ ಭಯ ಬೇಡ, ದಿನನಿತ್ಯದ ಕೆಲಸಕ್ಕೆ ಅದು ಬೇಕಾಗುವುದಿಲ್ಲ. ಎಂದಾದರೂ ಬೇಕಾಗಿ ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಟೈಪ್ ಮಾಡುವಾಗ ಚುಕ್ಕಿ ಕೂಡ ಕಾಣದಿರಬಹುದು. ಕೀಬೋರ್ಡ್ ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ. ಆದರೆ ವಾಟ್ಸಾಪ್‌ನಲ್ಲೋ ವಿಡಿಯೋ ಕೆಳಗೋ ಯಾರೋ ಕೊಟ್ಟ ಆಜ್ಞೆಯನ್ನು ಅರ್ಥ ತಿಳಿಯದೆ ಅಲ್ಲಿ ಅಂಟಿಸಬೇಡಿ. ಅಂಥ ಒಂದೇ ಸಾಲು ಇಡೀ ಡಿಸ್ಕನ್ನು ಅಳಿಸಬಲ್ಲದು.

ಮಿಂಟ್ ಹಾಕಿ ಮುಗಿದ ದಿನ ಎರಡು ಕೆಲಸ ಬಾಕಿ ಇರುತ್ತವೆ. ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಮುಂದೆ ಯಾವುದಾದರೂ ಅಪ್‌ಡೇಟ್ ಎಡವಟ್ಟಾದರೆ ಅಲ್ಲಿಗೆ ಹಿಂದಿರುಗಬಹುದು. ಅದು ವ್ಯವಸ್ಥೆಯನ್ನು ಮಾತ್ರ ಕಾಯುತ್ತದೆ, ನಿಮ್ಮ ಫೋಟೋ, ಕಡತಗಳಿಗೆ ಬೇರೆ ಪ್ರತಿ ಇರಲೇಬೇಕು. ನಂತರ ಪರದೆಯ ಕೆಳಗೆ ಬಲಗಡೆ ಗುರಾಣಿಯ ಚಿತ್ರವನ್ನು ಒತ್ತಿ ಬಾಕಿ ಇರುವ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಿ. ಮೊದಲ ದಿನ ಅವು ನೂರಾರು ಎಂಬಿ ಇರಬಹುದು, ಆಮೇಲೆ ವಾರಕ್ಕೊಮ್ಮೆ ನೋಡಿದರೆ ಸಾಕು.